ಗೋಧಿ ಆಗಲ್ಲ, ಅಡುಗೆಮನೆ ಒಂದೇ: ರೂಮ್‌ಮೇಟ್‌ಗಳ ಜತೆ ಹೊಂದಿಕೊಂಡು ಹೋಗೋದು ಹೇಗೆ?

ತಿಪಟೂರು: ನಮ್ಮ ತಾಲ್ಲೂಕಿನಿಂದ ಓದಿಗೆ, ಕೆಲಸಕ್ಕೆ ಅಂತ ಬೆಂಗಳೂರು, ತುಮಕೂರು, ಮೈಸೂರು ಕಡೆ ಹೋಗಿ, ಇಬ್ಬರು ಮೂವರು ಸೇರಿ ಬಾಡಿಗೆ ಮನೆ ಮಾಡಿಕೊಂಡಿರುವ ಮಕ್ಕಳು ಒಬ್ಬಿಬ್ಬರಲ್ಲ. ಬಾಡಿಗೆ ಹಂಚಿಕೊಳ್ತಾರೆ, ಗ್ಯಾಸ್ ಸಿಲಿಂಡರ್ ಹಂಚಿಕೊಳ್ತಾರೆ. ಒಂದೇ ತವಾದಲ್ಲಿ ಬೆಳಗ್ಗೆ ದೋಸೆ, ರಾತ್ರಿ ಚಪಾತಿ. ಹೀಗಿರುವಾಗ ಅವರಲ್ಲಿ ಒಬ್ಬರಿಗೆ ಡಾಕ್ಟರು "ಇನ್ನು ಮೇಲೆ ಗೋಧಿ ಒಂದು ಚೂರೂ ಬಾಯಿಗೆ ಹೋಗಬಾರದು" ಅಂದುಬಿಟ್ಟರೆ?

ನಮ್ಮ ಅಕ್ಕನ ಮಗಳಿಗೆ ಆಗಿದ್ದು ಇದೇ. ಪಿಯುಸಿ ಓದುವಾಗಿಂದಲೂ ಅವಳಿಗೆ ರಕ್ತ ಕಡಿಮೆ. ಕಬ್ಬಿಣಾಂಶದ ಮಾತ್ರೆ ಕೊಟ್ಟಾಗ ಸ್ವಲ್ಪ ಏರೋದು, ಬಿಟ್ಟ ಮೇಲೆ ಮತ್ತೆ ಇಳಿಯೋದು. ಹೊಟ್ಟೆ ಉಬ್ಬರ, ಸುಸ್ತು, ಆಗಾಗ ಭೇದಿ. "ಹುಡುಗಿ ಸರಿಯಾಗಿ ಉಣ್ಣಲ್ಲ" ಅಂತ ಬೈದಿದ್ದಾಯ್ತು, ದೃಷ್ಟಿ ತೆಗೆದಿದ್ದೂ ಆಯ್ತು. ಕೆಲಸಕ್ಕೆ ಅಂತ ಬೆಂಗಳೂರಿಗೆ ಹೋದ ಮೇಲೆ ಅಲ್ಲೊಬ್ಬ ಡಾಕ್ಟರು ರಕ್ತ ಪರೀಕ್ಷೆ, ಆಮೇಲೆ ಎಂಡೋಸ್ಕೋಪಿ ಮಾಡಿಸಿ ಹೇಳಿದ್ದು: ಸೀಲಿಯಾಕ್ ಕಾಯಿಲೆ.

ಆ ಹೆಸರು ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಆಮೇಲಿನ ಒಂದು ವರ್ಷದಲ್ಲಿ ನಾವು ಕಲಿತಿದ್ದನ್ನ, ಮಕ್ಕಳನ್ನ ಊರಾಚೆ ಬಿಟ್ಟಿರುವ ಅಪ್ಪ ಅಮ್ಮಂದಿರಿಗೂ, ನಮ್ಮೂರಿನ ಕಿರಾಣಿ ಅಂಗಡಿ, ಹಿಟ್ಟಿನ ಮಿಲ್, ಹೋಟೆಲ್, ಬೇಕರಿ ನಡೆಸುವವರಿಗೂ ಉಪಯೋಗ ಆಗಲಿ ಅಂತ ಇಲ್ಲಿ ಬರೆದಿದ್ದೇವೆ.

ಏನಿದು ಗ್ಲುಟೆನ್?

ಹೋಳಿಗೆಗೆ ಕಣಕ ಕಲಸಿದ್ದು ನೆನಪು ಮಾಡಿಕೊಳ್ಳಿ. ಎಳೆದರೆ ರಬ್ಬರಿನ ಹಾಗೆ ಬರುತ್ತೆ, ಹರಿಯಲ್ಲ. ಅದೇ ರಾಗಿ ಹಿಟ್ಟನ್ನ ಎಷ್ಟು ನಾದಿದರೂ ಹಾಗೆ ಎಳೆಯೋಕೆ ಆಗಲ್ಲ. ಗೋಧಿಗೆ ಆ ಜಿಗುಟು ಕೊಡುವ ಪ್ರೋಟೀನ್‌ಗೆ ಗ್ಲುಟೆನ್ ಅಂತಾರೆ. ಗೋಧಿ, ಬಾರ್ಲಿ, ರೈ ಈ ಮೂರು ಧಾನ್ಯಗಳಲ್ಲಿ ಸೀಲಿಯಾಕ್ ಇರುವವರಿಗೆ ಆಗದ ಪ್ರೋಟೀನ್ ಇದೆ. ಮೈದಾ, ಚಿರೋಟಿ ರವೆ, ಬನ್ಸಿ ರವೆ, ಗೋಧಿ ನುಚ್ಚು, ಶಾವಿಗೆ ಎಲ್ಲ ಗೋಧಿಯ ಮಕ್ಕಳೇ. ‘ಹಳೇ ತಳಿ, ಆರೋಗ್ಯಕ್ಕೆ ಒಳ್ಳೇದು’ ಅಂತ ಮಾರುವ ಕಪ್ಲಿ ಗೋಧಿಯೂ ಗೋಧಿಯೇ. ಅದರಲ್ಲೂ ಗ್ಲುಟೆನ್ ಇದೆ.

ಸೀಲಿಯಾಕ್ ಇರುವವರ ಹೊಟ್ಟೆಗೆ ಗ್ಲುಟೆನ್ ಹೋದರೆ, ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ಸಣ್ಣ ಕರುಳಿನ ಮೇಲೆ ತಿರುಗಿಬೀಳುತ್ತೆ. ಸಣ್ಣ ಕರುಳಿನ ಒಳಗೋಡೆಯಲ್ಲಿ ಟರ್ಕಿ ಟವೆಲ್ಲಿನ ನೂಲಿನ ಹಾಗೆ ಸಣ್ಣ ಸಣ್ಣ ಎಳೆಗಳಿರುತ್ತವೆ. ತಿಂದ ಆಹಾರದ ಸಾರ ಹೀರಿಕೊಳ್ಳೋದು ಅವೇ. ಆ ಎಳೆಗಳು ಸವೆದು ಚಪ್ಪಟೆಯಾದರೆ ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಯಾವುದೂ ಸರಿಯಾಗಿ ಹತ್ತಲ್ಲ. ಅದಕ್ಕೇ ಎಷ್ಟು ಮಾತ್ರೆ ನುಂಗಿದರೂ ರಕ್ತ ಏರಲ್ಲ. ಮಕ್ಕಳಾದರೆ ಎತ್ತರ, ತೂಕ ಎರಡೂ ನಿಂತುಬಿಡಬಹುದು.

ಗೋಧಿಗೂ ಈ ಕಾಯಿಲೆಗೂ ಸಂಬಂಧ ಇದೆ ಅಂತ ಖಚಿತವಾಗಿ ತೋರಿಸಿದ್ದು ನೆದರ್ಲೆಂಡ್ಸ್‌ನ ಮಕ್ಕಳ ವೈದ್ಯ ವಿಲ್ಲೆಮ್ ಕಾರೆಲ್ ಡಿಕೆ. ಎರಡನೇ ಮಹಾಯುದ್ಧದ ಕೊನೆಗೆ, 1944-45ರ ಚಳಿಗಾಲದಲ್ಲಿ ಆ ದೇಶದಲ್ಲಿ ಭಾರಿ ಬರ ಬಂದು ಬ್ರೆಡ್ ಸಿಗದಂತಾಗಿತ್ತು. ಗೋಧಿ ಬಗ್ಗೆ ಅವರಿಗೆ ಮೊದಲೇ ಇದ್ದ ಅನುಮಾನ ಆ ಕಾಲದಲ್ಲಿ ಗಟ್ಟಿಯಾಯ್ತು. 1950ರಲ್ಲಿ ಅವರು ಇದನ್ನ ಪ್ರಬಂಧವಾಗಿ ಮಂಡಿಸಿದರು. ಅವತ್ತಿಂದ ಇವತ್ತಿನವರೆಗೂ ಈ ಕಾಯಿಲೆಗೆ ಇರುವ ಮುಖ್ಯ ಔಷಧಿ ಒಂದೇ: ಜೀವನಪೂರ್ತಿ ಗ್ಲುಟೆನ್ ಬಿಡೋದು.

ಜಗತ್ತಿನಲ್ಲಿ ಸುಮಾರು ನೂರಕ್ಕೆ ಒಬ್ಬರಿಗೆ ಈ ಕಾಯಿಲೆ ಇದೆ ಅನ್ನೋದು ಅಂದಾಜು. ನಮ್ಮ ದೇಶದಲ್ಲಿ ಉತ್ತರ ಭಾರತದಲ್ಲಿ ಜಾಸ್ತಿ, ದಕ್ಷಿಣದಲ್ಲಿ ಬಹಳ ಕಡಿಮೆ. ಕಡಿಮೆ ಅಂದ್ರೆ ಇಲ್ಲವೇ ಇಲ್ಲ ಅಂತಲ್ಲ. ನಮ್ಮ ಕಡೆ ಅಪರೂಪ ಆಗಿರೋದರಿಂದಲೇ ಬೇಗ ಹೊಳೆಯಲ್ಲ, ವರ್ಷಗಟ್ಟಲೆ ಬರೀ ‘ರಕ್ತಹೀನತೆ’, ‘ಗ್ಯಾಸ್ಟ್ರಿಕ್’ ಅಂತ ಓಡಾಡಿಸುತ್ತೆ.

ಪರೀಕ್ಷೆಗೆ ಮೊದಲೇ ಚಪಾತಿ ಬಿಡಬೇಡಿ

ಇದನ್ನ ಓದಿ ಯಾರಿಗಾದರೂ ಅನುಮಾನ ಬಂದರೆ ಇವತ್ತೇ ಗೋಧಿ ಬಿಡೋಕೆ ಹೋಗಬೇಡಿ. ಮೊದಲು ಡಾಕ್ಟರ ಹತ್ತಿರ ಹೋಗಿ. ಟಿಟಿಜಿ-ಐಜಿಎ ಅನ್ನುವ ರಕ್ತ ಪರೀಕ್ಷೆ ಇದೆ. ಅದರಲ್ಲಿ ಬಂದರೆ ಎಂಡೋಸ್ಕೋಪಿ ಮೂಲಕ ಸಣ್ಣ ಕರುಳಿನ ಚೂರು ತೆಗೆದು ನೋಡ್ತಾರೆ. ಮೊದಲೇ ಗೋಧಿ ಬಿಟ್ಟಿದ್ದರೆ ಕರುಳು ಸುಧಾರಿಸಿಕೊಂಡು, ಕಾಯಿಲೆ ಇದ್ದರೂ ಪರೀಕ್ಷೆಯಲ್ಲಿ ಕಾಣದೇ ಹೋಗಬಹುದು.

ಇನ್ನೊಂದು ವಿಷಯ. ಗೋಧಿ ಅಲರ್ಜಿ ಬೇರೆ, ಸೀಲಿಯಾಕ್ ಬೇರೆ. ಅಲರ್ಜಿ ಆದರೆ ತಿಂದ ಸ್ವಲ್ಪ ಹೊತ್ತಿಗೇ ಮೈ ದದ್ದು, ತುಟಿ ಊತ, ಉಸಿರಾಟದ ತೊಂದರೆ ಬರಬಹುದು. ಸೀಲಿಯಾಕ್ ಒಳಗೊಳಗೇ ಕರುಳು ಸವೆಸುತ್ತೆ. ಕೆಲವರಿಗೆ ತಿಂದ ದಿನ ಏನೂ ಗೊತ್ತಾಗಲ್ಲ. "ಮೊನ್ನೆ ಒಂದು ಚಪಾತಿ ತಿಂದೆ, ಏನೂ ಆಗಲಿಲ್ಲ" ಅನ್ನೋ ಮಾತಿಗೆ ಇಲ್ಲಿ ಬೆಲೆ ಇಲ್ಲ.

ಈ ಎರಡೂ ಇಲ್ಲದೇ ಗೋಧಿ ತಿಂದರೆ ಹೊಟ್ಟೆ ಉಬ್ಬರ ಆಗುವವರೂ ಇದ್ದಾರೆ. ಅಂಥವರಿಗೆ ಇಲ್ಲಿ ಬರೆದಿರುವಷ್ಟು ಕಟ್ಟುನಿಟ್ಟು ಬೇಕಾಗದಿರಬಹುದು. ಯಾವ ತೊಂದರೆಯೂ ಇಲ್ಲದವರು ತೂಕ ಇಳಿಸೋಕೆ ಅಂತ ‘ಗ್ಲುಟೆನ್ ಫ್ರೀ’ ಬೆನ್ನು ಹತ್ತುವ ಅಗತ್ಯ ಇಲ್ಲ.

ಮನೆಯಲ್ಲಿ ಒಬ್ಬರಿಗೆ ಸೀಲಿಯಾಕ್ ಬಂದಿದ್ದರೆ ಅಪ್ಪ, ಅಮ್ಮ, ಅಣ್ಣ ತಮ್ಮ, ಅಕ್ಕ ತಂಗಿಯರೂ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಬೇಕು. ಅಷ್ಟು ಹತ್ತಿರದ ರಕ್ತ ಸಂಬಂಧಿಗಳಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಈ ಕಾಯಿಲೆ ಇರುವ ಸಾಧ್ಯತೆ ಇದೆ.

ನಮ್ಮ ಊಟ ಬಹುಪಾಲು ಸೇಫ್

ಮೊದಲು ಸಮಾಧಾನದ ಮಾತು. ರಾಗಿ ಮುದ್ದೆ, ಬಸ್ಸಾರು, ಅನ್ನ, ಮೊಸರು. ಇದರಲ್ಲಿ ಎಲ್ಲೂ ಗೋಧಿ ಇಲ್ಲ. ಅಕ್ಕಿ, ರಾಗಿ, ಜೋಳ, ಸಜ್ಜೆ, ಮೆಕ್ಕೆಜೋಳ, ನವಣೆ, ಸಾಮೆ, ಹಾರಕ, ಊದಲು, ಕೊರಲೆ, ಸಬ್ಬಕ್ಕಿ, ಅವಲಕ್ಕಿ, ಪುರಿ, ಬೇಳೆಕಾಳು, ತರಕಾರಿ, ಹಣ್ಣು, ತೆಂಗಿನಕಾಯಿ, ಹಾಲು, ಮೊಟ್ಟೆ, ಮೀನು, ಮಾಂಸ ಎಲ್ಲ ನಡೆಯುತ್ತೆ. ಅಕ್ಕಿ ರೊಟ್ಟಿ, ರಾಗಿ ರೊಟ್ಟಿ, ಒತ್ತು ಶಾವಿಗೆ, ಅಕ್ಕಿ ತರಿ ಉಪ್ಪಿಟ್ಟು, ಪುಳಿಯೋಗರೆ, ಚಿತ್ರಾನ್ನ ಎಲ್ಲ ಮಾಡಿಕೊಳ್ಳಬಹುದು. ಕ್ಯಾತ್ಸಂದ್ರದ ತಟ್ಟೆ ಇಡ್ಲಿಯೂ ಅಕ್ಕಿ, ಉದ್ದಿನಬೇಳೆಯದ್ದೇ.

ಪಂಜಾಬಿನಲ್ಲೋ ಯೂರೋಪಿನಲ್ಲೋ ಈ ಕಾಯಿಲೆ ಬಂದವರು ದಿನದ ಊಟವನ್ನೇ ಬದಲಾಯಿಸಬೇಕು. ನಾವು ಅಜ್ಜಿ ಮಾಡುತ್ತಿದ್ದ ಊಟಕ್ಕೆ ವಾಪಸ್ ಹೋದರೆ ಮುಕ್ಕಾಲು ಕೆಲಸ ಮುಗಿಯಿತು. ದುಬಾರಿ ‘ಗ್ಲುಟೆನ್ ಫ್ರೀ’ ಬ್ರೆಡ್ಡು, ಬಿಸ್ಕತ್ತು ಕೊಳ್ಳಲೇಬೇಕು ಅಂತೇನಿಲ್ಲ.

ಹೆಸರು ನೋಡಿ ಮೋಸ ಹೋಗಬೇಡಿ

ಉಳಿದ ಕಾಲು ಭಾಗವೇ ಕಷ್ಟ. ಗೋಧಿ ಎಲ್ಲೆಲ್ಲಿ ಅಡಗಿ ಕೂತಿರುತ್ತೆ ಅನ್ನೋದು ನಮಗೂ ಗೊತ್ತಿರಲಿಲ್ಲ.

ಇಡ್ಲಿ ರವೆ ಅಕ್ಕಿಯದ್ದು, ಅದು ಸೇಫ್. ರವೆ ಇಡ್ಲಿ ಗೋಧಿ ರವೆಯದ್ದು, ಅದು ಬೇಡ. ಮಸಾಲೆ ದೋಸೆ ಹಿಟ್ಟಿಗೆ ಗರಿಗರಿ ಆಗಲಿ ಅಂತ ಮೈದಾ ಅಥವಾ ರವೆ ಬೆರೆಸುವವರಿದ್ದಾರೆ. ನಿಪ್ಪಟ್ಟು, ಕೋಡುಬಳೆ, ಮದ್ದೂರು ವಡೆಗೆ ಅಕ್ಕಿ ಹಿಟ್ಟಿನ ಜತೆ ಮೈದಾ, ರವೆ ಬೀಳುತ್ತೆ. ಚಕ್ಕುಲಿ ಮನೆಯದಾದರೆ ಗೊತ್ತಿರುತ್ತೆ, ಬೇಕರಿಯದಾದರೆ ಕೇಳಿಯೇ ತಗೋಬೇಕು. ಗೋಬಿ ಮಂಚೂರಿಯಲ್ಲಿ ಮೈದಾ ಕಣ್ಣಿಗೆ ಕಾಣುತ್ತೆ, ಆದರೆ ಅದಕ್ಕೆ ಹಾಕುವ ಸೋಯಾ ಸಾಸ್‌ನಲ್ಲೂ ಸಾಮಾನ್ಯವಾಗಿ ಗೋಧಿ ಇರುತ್ತೆ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ.

ಮನೆಯಲ್ಲಿ ಮೊಳಕೆ ಕಟ್ಟಿ ಮಾಡಿದ ರಾಗಿ ಮಾಲ್ಟ್ ಸೇಫ್. ಆದರೆ ಡಬ್ಬಿಯಲ್ಲಿ ಬರುವ ಹಾಲಿಗೆ ಹಾಕುವ ಮಾಲ್ಟ್ ಪುಡಿಗಳು ಸಾಮಾನ್ಯವಾಗಿ ಬಾರ್ಲಿ, ಗೋಧಿಯಿಂದ ಮಾಡಿದ್ದು. ಉರಿಮೂತ್ರಕ್ಕೆ ಅಂತ ಕುಡಿಯುವ ಬಾರ್ಲಿ ನೀರೂ ಆಗಲ್ಲ. ಬಿಯರ್ ಕೂಡ ಬಾರ್ಲಿಯದ್ದೇ. ಓಟ್ಸ್‌ನಲ್ಲಿ ಗೋಧಿ ಬೆರೆತಿರುವ ಸಂಭವ ಜಾಸ್ತಿ. ಡಾಕ್ಟರನ್ನ ಕೇಳದೇ ಶುರು ಮಾಡಬೇಡಿ.

ಇಂಗಿನ ಡಬ್ಬಿ ಹಿಡಿದುಕೊಟ್ಟ ಪಾಠ

ನಮ್ಮ ಹುಡುಗಿ ಚಪಾತಿ, ಬ್ರೆಡ್, ಬಿಸ್ಕತ್ತು ಎಲ್ಲ ಬಿಟ್ಟು ಆರು ತಿಂಗಳಾದ ಮೇಲೆ ಮತ್ತೆ ರಕ್ತ ಪರೀಕ್ಷೆ ಮಾಡಿಸಿದಳು. ಟಿಟಿಜಿ ಇಳಿದಿತ್ತು. ಆದರೆ ಡಾಕ್ಟರು ನಿರೀಕ್ಷೆ ಮಾಡಿದಷ್ಟು ಇಳಿದಿರಲಿಲ್ಲ. ಹೊಟ್ಟೆ ಉಬ್ಬರವೂ ಪೂರ್ತಿ ಹೋಗಿರಲಿಲ್ಲ. "ಎಲ್ಲೋ ಒಳಗೆ ಹೋಗ್ತಿದೆ ಕಣಮ್ಮ, ಅಡುಗೆಮನೆಯಲ್ಲಿ ಒಂದೊಂದೇ ಡಬ್ಬಿ ತೆಗೆದು ನೋಡು" ಅಂದರಂತೆ.

ಅವಳು ಅದನ್ನೇ ಮಾಡಿದಳು. ಭಾನುವಾರ ಕೂತು ಎಲ್ಲ ಪ್ಯಾಕೆಟ್ಟಿನ ಹಿಂಬದಿ ಓದಿದಳು. ಮೊದಲು ಸಿಕ್ಕಿದ್ದು ಇಂಗು. ಅಂಗಡಿಯಲ್ಲಿ ಸಿಗುವ ಪುಡಿ ಇಂಗು ಪೂರ್ತಿ ಇಂಗಲ್ಲ. ಅಸಲಿ ಇಂಗಿನ ಘಾಟು ಬಹಳ, ಹಾಗಾಗಿ ಅದಕ್ಕೆ ಗೋಂದು, ಹಿಟ್ಟು ಸೇರಿಸಿ ಮಾರುತ್ತಾರೆ. ಬಹಳಷ್ಟು ಬ್ರಾಂಡ್‌ಗಳಲ್ಲಿ ಆ ಹಿಟ್ಟು ಗೋಧಿಯದ್ದು ಅಥವಾ ಮೈದಾ. ಅದೇ ಇಂಗು ಸಾರಿನ ಪುಡಿಯಲ್ಲಿ, ಉಪ್ಪಿನಕಾಯಿಯಲ್ಲಿ, ಒಗ್ಗರಣೆಯಲ್ಲಿ. ದಿನಾ ಮೂರು ಹೊತ್ತು.

ಎರಡನೇದು ತವಾ. ರಾತ್ರಿ ಚಪಾತಿ ಸುಟ್ಟ ತವಾವನ್ನ ಬಟ್ಟೆಯಲ್ಲಿ ಒರೆಸಿ ಬೆಳಗ್ಗೆ ಅದರಲ್ಲೇ ದೋಸೆ ಹುಯ್ಯುತ್ತಿದ್ದರು. ಮೂರನೇದು ಜರಡಿ. ಗೋಧಿ ಹಿಟ್ಟು ಜರಡಿ ಹಿಡಿದಿದ್ದರಲ್ಲೇ ರಾಗಿ ಹಿಟ್ಟೂ.

"ಇಷ್ಟು ಸಣ್ಣದಕ್ಕೆಲ್ಲ ಏನಾಗುತ್ತೆ?" ಅಂತ ಅನ್ನಿಸೋದು ಸಹಜ. ಲೆಕ್ಕ ನೋಡಿ. ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ ಸತತವಾಗಿ ಮೂರು ತಿಂಗಳು ಹೊಟ್ಟೆಗೆ ಹೋದರೂ ಸೀಲಿಯಾಕ್ ಇರುವವರ ಕರುಳಿಗೆ ಪೆಟ್ಟಾಗುತ್ತೆ ಅಂತ ಅಧ್ಯಯನಗಳು ತೋರಿಸಿವೆ. ಹೆಚ್ಚುಕಡಿಮೆ ಅರ್ಧ ಗ್ರಾಂ ಗೋಧಿ ಹಿಟ್ಟಿನಲ್ಲೇ ಅಷ್ಟು ಗ್ಲುಟೆನ್ ಇರುತ್ತೆ. ಅಂದ್ರೆ ಒಂದು ಚಿಟಿಕೆ. ತವಾ ಮೇಲೆ ಉಳಿದ ಪುಡಿ, ಜರಡಿ ಕಣ್ಣಿನಲ್ಲಿ ಸಿಕ್ಕಿಕೊಂಡ ಹಿಟ್ಟು, ಇಂಗು ಎಲ್ಲ ಸೇರಿದರೆ ಒಂದು ಚಿಟಿಕೆ ಆಗೋದು ಕಷ್ಟವಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ: "ಕುದಿಸಿದರೆ ಹೋಗುತ್ತಲ್ಲ?" ಹೋಗಲ್ಲ. ಗ್ಲುಟೆನ್ ಕ್ರಿಮಿ ಅಲ್ಲ, ಬಿಸಿಗೆ ಸಾಯೋಕೆ. ಅದನ್ನ ತೊಳೆದೇ ತೆಗೆಯಬೇಕು. ಸೋಪು, ನೀರು, ಉಜ್ಜಿ ತೊಳೆಯೋದು ಸಾಕು.

ಅಡುಗೆಮನೆಯಲ್ಲಿ ಯಾವುದು ಬೇರೆ, ಯಾವುದು ಒಟ್ಟಿಗೆ?

ಹಾಗಂತ ಪ್ರತಿಯೊಂದೂ ಬೇರೆ ಇಡಬೇಕಿಲ್ಲ. ಸ್ಟೀಲ್ ತಟ್ಟೆ, ಲೋಟ, ಚಮಚ, ಕುಕ್ಕರ್, ಗಾಜಿನ ಬಟ್ಟಲು ಇವುಗಳ ಮೈ ನಯವಾಗಿರುತ್ತೆ, ಚೆನ್ನಾಗಿ ತೊಳೆದರೆ ಏನೂ ಉಳಿಯಲ್ಲ. ಇವನ್ನ ಎಲ್ಲರೂ ಬಳಸಬಹುದು. ಗ್ಯಾಸ್ ಸ್ಟವ್, ಫ್ರಿಜ್ ಹಂಚಿಕೊಳ್ಳಬಹುದು.

ಬೇರೆ ಬೇಕಾಗಿರೋದು ಇಷ್ಟೇ:

1. ತವಾ. ದೋಸೆ, ರೊಟ್ಟಿಗೆ ಒಂದು, ಚಪಾತಿಗೆ ಒಂದು. ಕಬ್ಬಿಣದ ತವಾ ಎಣ್ಣೆ ಕುಡಿದು ಪಳಗಿರುತ್ತೆ, ಗೀರು ಬಿದ್ದ ನಾನ್‌ಸ್ಟಿಕ್‌ನಲ್ಲೂ ಹಿಟ್ಟು ಕೂತುಬಿಡುತ್ತೆ.

2. ಜರಡಿ ಮತ್ತು ತೂತಿನ ಜಾಲರಿ. ಇವನ್ನ ಎಷ್ಟು ತೊಳೆದರೂ ಕಣ್ಣುಗಳಲ್ಲಿ ಉಳಿಯುತ್ತೆ.

3. ಮರದ ಸಾಮಾನು. ಲಟ್ಟಣಿಗೆ, ಮಣೆ, ಮರದ ಸೌಟು, ಮುದ್ದೆ ಕೋಲು.

4. ಪಾತ್ರೆ ಉಜ್ಜುವ ನಾರು ಮತ್ತು ಒರೆಸುವ ಬಟ್ಟೆ. ಹಿಟ್ಟು ಕಲಸಿದ ಪಾತ್ರೆ ಉಜ್ಜಿದ ನಾರಿನಲ್ಲೇ ಇನ್ನೊಂದು ಉಜ್ಜಿದರೆ ತೊಳೆದೂ ಪ್ರಯೋಜನ ಇಲ್ಲ.

5. ಬೆಣ್ಣೆ, ಜಾಮ್, ತುಪ್ಪ, ಉಪ್ಪಿನಕಾಯಿ, ಚಟ್ನಿಪುಡಿ. ಚಪಾತಿ, ಬ್ರೆಡ್ಡಿಗೆ ತಾಗಿದ ಚಮಚ ಮತ್ತೆ ಬಾಟಲಿಗೆ ಹೋಗುತ್ತೆ. ಸಣ್ಣ ಡಬ್ಬಿಯಲ್ಲಿ ಸ್ವಲ್ಪ ಬೇರೆ ತೆಗೆದಿಟ್ಟರೆ ಸಾಕು.

6. ಕರಿದ ಎಣ್ಣೆ. ಪೂರಿ ಕರಿದ ಎಣ್ಣೆಯಲ್ಲಿ ಹಪ್ಪಳ, ಸಂಡಿಗೆ ಕರಿಯಬಾರದು.

7. ಬ್ರೆಡ್ ಟೋಸ್ಟರ್ ಇದ್ದರೆ ಅದನ್ನ ಮುಟ್ಟಲೇಬೇಡಿ.

ಇಡುವ ಜಾಗಕ್ಕೂ ಒಂದು ಲೆಕ್ಕ ಇದೆ. ಹಿಟ್ಟು ಮೇಲಿಂದ ಕೆಳಗೆ ಉದುರುತ್ತೆ, ಕೆಳಗಿಂದ ಮೇಲಕ್ಕೆ ಹಾರೋದು ಕಡಿಮೆ. ಹಾಗಾಗಿ ಗೋಧಿ, ಮೈದಾ, ರವೆ ಡಬ್ಬಿ ಕೆಳಗಿನ ಸ್ಟ್ಯಾಂಡಿನಲ್ಲಿ, ಗೋಧಿ ಆಗದವರ ಸಾಮಾನು ಮೇಲಿನ ಸ್ಟ್ಯಾಂಡಿನಲ್ಲಿ. ಫ್ರಿಜ್‌ನಲ್ಲೂ ಹಾಗೇ. ಅವರ ಡಬ್ಬಿಗೆಲ್ಲ ಒಂದೇ ಬಣ್ಣದ ಟೇಪು ಅಂಟಿಸಿ. ರಾತ್ರಿ ಹನ್ನೊಂದಕ್ಕೆ ಕೆಲಸ ಮುಗಿಸಿ ಬಂದು ನಿದ್ದೆಗಣ್ಣಲ್ಲಿ ಅಡುಗೆ ಮಾಡುವವರಿಗೂ ಅದು ಕಾಣಬೇಕು.

ಹೊತ್ತಿಗೂ ಒಂದು ಕ್ರಮ. ಮೊದಲು ಗೋಧಿ ಇಲ್ಲದ ಅಡುಗೆ ಮುಗಿಸಿ, ಮುಚ್ಚಿಟ್ಟು, ಆಮೇಲೆ ಚಪಾತಿ ಹಿಟ್ಟು ತೆಗೆಯಿರಿ. ಒಣ ಹಿಟ್ಟು ಗಾಳಿಯಲ್ಲಿ ಹಾರಾಡಿ ತೆರೆದ ಪಾತ್ರೆ ಮೇಲೆ ಕೂರುತ್ತೆ. ಲಟ್ಟಿಸಿದ ಮೇಲೆ ಕಟ್ಟೆಯನ್ನ ಒದ್ದೆ ಬಟ್ಟೆಯಲ್ಲಿ ಒರೆಸಿಬಿಡಿ.

ಹೆದರಬೇಕಾಗಿಲ್ಲದ್ದೂ ಇದೆ. ಇದು ಅಂಟುರೋಗ ಅಲ್ಲ. ಪಕ್ಕದಲ್ಲಿ ಕೂತು ಬೇರೆಯವರು ಚಪಾತಿ ತಿಂದರೆ ಏನೂ ಆಗಲ್ಲ. ಬೆಂದ ಚಪಾತಿಯ ವಾಸನೆಯಿಂದ ತೊಂದರೆ ಇಲ್ಲ. ಗೋಧಿ ಹಿಟ್ಟು ಕೈಗೆ ತಾಗಿದರೆ ತೊಳೆದುಕೊಂಡರೆ ಆಯ್ತು, ಬಾಯಿಗೆ ಹೋಗಬಾರದು ಅಷ್ಟೇ.

‘ಮಡಿ’ ಅಂದುಕೊಂಡರೆ?

ಈ ಪಟ್ಟಿ ಬರೆಯೋದು ಸುಲಭ. ಹೇಳೋದು ಕಷ್ಟ. ನಮ್ಮಲ್ಲಿ ‘ನನ್ನ ಪಾತ್ರೆ ಮುಟ್ಟಬೇಡ’ ಅನ್ನುವ ಮಾತಿಗೆ ಹಳೇ ಅರ್ಥ ಒಂದಿದೆ, ಆ ಅರ್ಥದಿಂದ ನೊಂದವರು ಬಹಳ ಜನ ಇದ್ದಾರೆ. ನಮ್ಮ ಹುಡುಗಿ ಇದನ್ನ ಯೋಚನೆ ಮಾಡಿರಲಿಲ್ಲ. ಒಂದು ಬೆಳಗ್ಗೆ ಹೊಸ ತವಾ ತಂದು, "ಇದನ್ನ ಯಾರೂ ಮುಟ್ಟಬೇಡಿ" ಅಂತ ಚೀಟಿ ಅಂಟಿಸಿ ಆಫೀಸಿಗೆ ಹೋದಳು.

ಸಂಜೆ ಬರುವಷ್ಟರಲ್ಲಿ ಮನೆ ಮೌನ. ಅವಳ ಜತೆ ಇದ್ದ ವಿಜಯಪುರ ಕಡೆಯ ಹುಡುಗಿ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಕೇಳೇಬಿಟ್ಟಳು: "ನಾ ಮುಟ್ಟಿದ್ರ ಏನ್ ಆಕ್ಕೈತಿ ನಿನ್ನ ತವಾಕ್ಕ? ಮೊದಲ ಹೇಳಿದ್ರ ನಾ ಬ್ಯಾರೆ ಮನೀನ ನೋಡ್ಕೋತಿದ್ದೆ."

ಆಗಲೇ ಇವಳಿಗೆ ಗೊತ್ತಾಗಿದ್ದು ಚೀಟಿ ಹೇಗೆ ಕಂಡಿತ್ತು ಅಂತ. "ನೀನು ಮುಟ್ಟಿದ್ರೆ ಏನೂ ಆಗಲ್ಲ ಕಣೇ, ಗೋಧಿ ಹಿಟ್ಟು ಮುಟ್ಟಿದ್ರೆ ಆಗುತ್ತೆ. ನೀನು ದೋಸೆ ಹುಯ್ಕೋ, ರೊಟ್ಟಿ ಮಾಡ್ಕೋ, ನಿಂದೇ ತವಾ ಅಂದ್ಕೋ. ಚಪಾತಿ ಒಂದು ಬೇಡ" ಅಂತ ಹೇಳಿ ಆಸ್ಪತ್ರೆಯ ರಿಪೋರ್ಟು ತೋರಿಸಿದಳು. ಅದರಲ್ಲಿ ಹಿಮೋಗ್ಲೋಬಿನ್ ಎಷ್ಟಿತ್ತು ಅಂತ ನೋಡಿದ ಮೇಲೆ ಆ ಹುಡುಗಿಯೇ ಚೀಟಿ ಕಿತ್ತು ಬೇರೆ ಬರೆದು ಅಂಟಿಸಿದಳಂತೆ: "ಇದರಾಗ ಚಪಾತಿ ಮಾಡಬ್ಯಾಡ್ರಿ".

ಅದೊಂದು ಮಾತಿನ ವ್ಯತ್ಯಾಸ. ‘ಮುಟ್ಟಬೇಡಿ’ ಅಂದರೆ ಮನುಷ್ಯರನ್ನ ದೂರ ಇಟ್ಟ ಹಾಗೆ. ‘ಗೋಧಿ ಬೇಡ’ ಅಂದರೆ ಗೋಧಿಯನ್ನ ದೂರ ಇಟ್ಟ ಹಾಗೆ. ಮನೆ ಸೇರುವ ಮೊದಲೇ, ಅಥವಾ ಕಾಯಿಲೆ ಗೊತ್ತಾದ ದಿನವೇ ಎಲ್ಲರನ್ನೂ ಕೂರಿಸಿಕೊಂಡು ಹತ್ತು ನಿಮಿಷ ಹೇಳಿಬಿಡಿ. ಏನು ಕಾಯಿಲೆ, ಎಷ್ಟು ಚೂರು ಸಾಕು, ನನ್ನ ಸಾಮಾನು ಯಾವುದು, ನೀವು ಯಾವುದು ಬಿಡಬೇಕಿಲ್ಲ. ಕೊನೇದನ್ನ ಮರೀಬೇಡಿ. ರೂಮ್‌ಮೇಟ್‌ಗಳು ಚಪಾತಿ ಬಿಡಬೇಕು ಅಂತ ಕೇಳೋದು ನ್ಯಾಯ ಅಲ್ಲ, ಅದರ ಅಗತ್ಯವೂ ಇಲ್ಲ. ಬೇರೆ ತವಾ, ಜರಡಿ, ನಾರಿನ ಖರ್ಚು ನಿಮ್ಮದೇ ಇರಲಿ.

ರೂಮ್‌ಮೇಟ್‌ಗಳಿಗೂ ಒಂದು ಮಾತು. ತಪ್ಪಾಗುತ್ತೆ. ಮರೆತು ಅದೇ ಸೌಟು ಹಾಕಿಬಿಡ್ತೀರಿ. ಹಾಗಾದಾಗ ಮುಚ್ಚಿಡಬೇಡಿ, "ಇವತ್ತು ಸಾರಿಗೆ ಹಳೇ ಇಂಗು ಹಾಕ್ಬಿಟ್ಟೆ" ಅಂತ ಹೇಳಿ. ಅವರು ಮೊಸರನ್ನ ಉಂಡು ಮಲಗ್ತಾರೆ. ಹೇಳದೇ ಇದ್ದರೆ ಮೂರು ತಿಂಗಳ ಪಥ್ಯ ಯಾಕೆ ಕೆಲಸ ಮಾಡಲಿಲ್ಲ ಅಂತ ಯಾರಿಗೂ ಗೊತ್ತಾಗಲ್ಲ.

ಪಿಜಿ, ಹಾಸ್ಟೆಲ್‌ನಲ್ಲಿ ಇರುವವರ ಪಾಡು ಇನ್ನೂ ಕಷ್ಟ. ಅಲ್ಲಿ ಅಡುಗೆ ನಿಮ್ಮ ಕೈಯಲ್ಲಿಲ್ಲ. ಅನ್ನ, ಮೊಸರು, ಬೇಯಿಸಿದ ಮೊಟ್ಟೆ, ಹಣ್ಣು ನಂಬಬಹುದು. ಸಾಂಬಾರಿನ ಇಂಗು, ಪಲ್ಯದ ಸೌಟು ನಂಬೋಕಾಗಲ್ಲ. ಆಗೋದಾದರೆ ಒಂದು ಸಣ್ಣ ಕುಕ್ಕರ್‌ಗೆ, ಕರೆಂಟ್ ಒಲೆಗೆ ಓನರ್ ಹತ್ತಿರ ಡಾಕ್ಟರ ಚೀಟಿ ತೋರಿಸಿ ಅನುಮತಿ ಕೇಳಿ.

ಮಿಲ್‌ನವರು, ಅಂಗಡಿಯವರು ಏನು ಮಾಡಬಹುದು?

ಊರಿಂದ ಅಮ್ಮ ಕಳಿಸುವ ರಾಗಿ ಹಿಟ್ಟು ಪೂರ್ತಿ ಸೇಫ್ ಅಂತ ನಾವು ಅಂದುಕೊಂಡಿದ್ದೆವು. ಆದರೆ ಹಿಂದಿನವರ ಗೋಧಿ ಬೀಸಿದ ಮಿಲ್‌ಗೇ ನಮ್ಮ ರಾಗಿ ಹಾಕಿದರೆ, ಒಳಗೆ ಉಳಿದ ಗೋಧಿ ಹಿಟ್ಟು ರಾಗಿಯ ಜತೆಗೇ ಇಳಿಯುತ್ತೆ.

ರಾಗಿಗೆ ಬೇರೆ, ಗೋಧಿಗೆ ಬೇರೆ ಮಿಷನ್ ಇಟ್ಟಿರುವ ಮಿಲ್ ಇದ್ದರೆ ಅಲ್ಲಿಗೇ ಹೋಗಿ. ಮಿಲ್ ಮಾಲೀಕರು "ಇದರಲ್ಲಿ ಗೋಧಿ ಹಾಕಲ್ಲ" ಅಂತ ಹೇಳೋಕೆ ಆಗುವ ಹಾಗೆ ಒಂದು ಮಿಷನ್ ಕಾಪಾಡಿಕೊಂಡರೆ ದೊಡ್ಡ ಉಪಕಾರ. ಇಲ್ಲದಿದ್ದರೆ ಮನೆಯಲ್ಲೇ ಮಿಕ್ಸಿಯಲ್ಲೋ ಸಣ್ಣ ಹಿಟ್ಟಿನ ಮಿಷನ್‌ನಲ್ಲೋ ಬೀಸಿಕೊಳ್ಳೋದು ಒಳ್ಳೇದು. ಬೀಸುವ ಮೊದಲು ಕಲ್ಲು ಆರಿಸುವ ಹಾಗೇ ಗೋಧಿ ಕಾಳು ಬೆರೆತಿದೆಯಾ ನೋಡಿ, ತೊಳೆದು ಒಣಗಿಸಿ. ನಮ್ಮಕ್ಕ ಈಗ ಇದನ್ನೇ ಮಾಡ್ತಾರೆ.

ಕಿರಾಣಿ ಅಂಗಡಿಯವರಿಗೆ: ಚೀಲದಿಂದ ಬಿಡಿಯಾಗಿ ತೂಕ ಹಾಕಿ ಕೊಡುವಾಗ ಮೈದಾ ತೆಗೆದ ಅಳತೆ ಡಬ್ಬಿಯನ್ನೇ ಕಡ್ಲೆಹಿಟ್ಟಿಗೂ ಅಕ್ಕಿಹಿಟ್ಟಿಗೂ ಹಾಕಬೇಡಿ. ಚೀಲಕ್ಕೊಂದು ಡಬ್ಬಿ ಇಟ್ಟರೆ ಸಾಕು. ಗಿರಾಕಿ ಪ್ಯಾಕೆಟ್ ತಿರುಗಿಸಿ ತಿರುಗಿಸಿ ಓದುತ್ತಿದ್ದರೆ ಬೇಜಾರು ಮಾಡಿಕೊಳ್ಳಬೇಡಿ. ಅಕ್ಕಿ ಹಿಟ್ಟು ಬೆರೆಸಿದ ಇಂಗು ಕೂಡ ಬರುತ್ತೆ. ಅದನ್ನೊಂದು ಡಬ್ಬಿ ತರಿಸಿಟ್ಟರೆ ಆ ಗಿರಾಕಿ ನಿಮ್ಮ ಅಂಗಡಿ ಬಿಟ್ಟು ಹೋಗಲ್ಲ.

ಹೋಟೆಲ್, ಬೇಕರಿಯವರಿಗೆ: "ಇದರಲ್ಲಿ ಮೈದಾ ಇದ್ಯಾ?" ಅಂತ ಕೇಳಿದರೆ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತಲೇ ಹೇಳಿ. ವ್ಯಾಪಾರ ಹೋಗುತ್ತೆ ಅಂತ "ಇಲ್ಲ, ತಗೊಳ್ಳಿ" ಅಂದುಬಿಟ್ಟರೆ ಅದರ ಪೆಟ್ಟು ತಿನ್ನುವವರ ಕರುಳಿಗೆ.

ಪ್ಯಾಕೆಟ್ ಓದೋದು ಹೇಗೆ?

ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ, ಅಂದ್ರೆ ಎಫ್‌ಎಸ್‌ಎಸ್‌ಎಐ ನಿಯಮದ ಪ್ರಕಾರ ಗ್ಲುಟೆನ್ ಇರುವ ಧಾನ್ಯ ಬಳಸಿದ್ದರೆ ಪ್ಯಾಕೆಟ್ ಮೇಲೆ ಅದನ್ನ ಅಲರ್ಜಿ ಸೂಚನೆಯಾಗಿ ಬರೆಯಬೇಕು. ಸಾಮಾನ್ಯವಾಗಿ ಪದಾರ್ಥಗಳ ಪಟ್ಟಿಯ ಕೆಳಗೆ ದಪ್ಪಕ್ಷರದಲ್ಲಿ ಇರುತ್ತೆ. ‘ಗ್ಲುಟೆನ್ ಫ್ರೀ’ ಅಂತ ಹಾಕಬೇಕಾದರೆ ಒಂದು ಕೆಜಿಯಲ್ಲಿ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಬಾರದು. 20ರಿಂದ 100 ಮಿಲಿಗ್ರಾಂ ಇದ್ದರೆ ಅದು ‘ಕಡಿಮೆ ಗ್ಲುಟೆನ್’. ಸೀಲಿಯಾಕ್ ಇರುವವರು ಮೊದಲನೆಯದನ್ನೇ ಆರಿಸಿಕೊಳ್ಳಬೇಕು. ಹಳೇ ಬ್ರಾಂಡ್ ಆದರೂ ಪ್ರತಿ ಸಲ ಓದಿ, ಕಂಪನಿಯವರು ಪದಾರ್ಥ ಬದಲಾಯಿಸಿರಬಹುದು. ಮಾತ್ರೆ, ಟಾನಿಕ್ ಬಗ್ಗೆಯೂ ಡಾಕ್ಟರನ್ನೋ ಮೆಡಿಕಲ್ ಅಂಗಡಿಯವರನ್ನೋ ಕೇಳಿಕೊಳ್ಳಿ.

ಹಬ್ಬ, ಪೂಜೆ, ಮದುವೆ ಮನೆ

ಇಲ್ಲಿ ಮನಸ್ಸಿಗೆ ಕಷ್ಟ ಆಗುತ್ತೆ. ಸತ್ಯನಾರಾಯಣ ಪೂಜೆಯ ಸಜ್ಜಿಗೆ ಗೋಧಿ ರವೆಯದ್ದು. ರಂಜಾನ್ ತಿಂಗಳ ಹಲೀಮ್‌ಗೆ ಗೋಧಿ ಹಾಕ್ತಾರೆ. ಚರ್ಚಿನಲ್ಲಿ ಕೊಡುವ ರೊಟ್ಟಿಯೂ ಗೋಧಿಯದ್ದು. "ಪ್ರಸಾದ ಅಲ್ವಾ, ಒಂದು ಚೂರು ತಿಂದ್ರೆ ಏನೂ ಆಗಲ್ಲ" ಅಂತ ಹಿರಿಯರು ಒತ್ತಾಯ ಮಾಡಬಾರದು. ಕಣ್ಣಿಗೊತ್ತಿಕೊಂಡು ಪಕ್ಕದವರಿಗೆ ಕೊಟ್ಟರೂ ಭಕ್ತಿಗೆ ಕಡಿಮೆ ಇಲ್ಲ. ಬಾಳೆಹಣ್ಣು, ತೆಂಗಿನಕಾಯಿ, ಕಲ್ಲುಸಕ್ಕರೆ ಇದ್ದೇ ಇರುತ್ತೆ. ಮದುವೆ ಮನೆಗೆ ಹೋಗುವಾಗ ಮನೆಯಲ್ಲೇ ಊಟ ಮಾಡಿಕೊಂಡು ಹೋಗೋದು ನಮ್ಮ ಹುಡುಗಿ ಕಂಡುಕೊಂಡ ದಾರಿ. ಎಲೆ ಮುಂದೆ ಕೂತು ಅನ್ನ, ಮೊಸರು ಮಾತ್ರ ಹಾಕಿಸಿಕೊಳ್ತಾಳೆ.

ಈಗ ಹೇಗಿದ್ದಾಳೆ?

ಇಂಗು, ತವಾ, ಜರಡಿ ಬದಲಾದ ಮೇಲಿನ ಪರೀಕ್ಷೆಯಲ್ಲಿ ಟಿಟಿಜಿ ಚೆನ್ನಾಗಿ ಇಳಿದಿದೆ. ರಕ್ತ ಏರಿದೆ, ಬರೀ ಮಾತ್ರೆಯಿಂದ ಅಲ್ಲ, ತಿಂದಿದ್ದು ಈಗ ಮೈಗೆ ಹತ್ತುತ್ತಿದೆ. ಮೂವರೂ ಅದೇ ಮನೆಯಲ್ಲಿದ್ದಾರೆ. ವಿಜಯಪುರದ ಹುಡುಗಿಯ ಅವ್ವ ಊರಿಂದ ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕಳಿಸ್ತಾರೆ. ಮೊದಲ ಸಲ ಬಂದಾಗ ನಮ್ಮಕ್ಕ ಫೋನ್ ಮಾಡಿ, "ಅಕ್ಕಾ, ತಪ್ಪು ತಿಳ್ಕೋಬೇಡಿ, ಜೋಳ ಎಲ್ಲಿ ಬೀಸಿಸಿದ್ರಿ?" ಅಂತ ಕೇಳಿದ್ದರು. "ನಮ್ಮೂರ ಗಿರಣ್ಯಾಗ ಜ್ವಾಳಕ್ಕ ಬ್ಯಾರೆ ಕಲ್ಲ ಐತಿ, ಚಿಂತಿ ಮಾಡಬ್ಯಾಡ್ರಿ. ರೊಟ್ಟಿ ಬಡಿಯೂಮುಂದ ಗೋಧಿ ಹಿಟ್ಟು ಒಳಗ ತರೂದಿಲ್ಲ ಅಂತ ಮಗಳು ಮೊದಲ ಹೇಳ್ಯಾಳ್ರಿ" ಅಂದರಂತೆ ಆ ತಾಯಿ.

ನಿಮ್ಮ ಮನೆಯ ಮಕ್ಕಳಿಗೆ ವರ್ಷಗಟ್ಟಲೆ ರಕ್ತ ಕಡಿಮೆ ಇದ್ದು, ಮಾತ್ರೆ ತಗೊಂಡರೂ ಏರದೇ, ಜತೆಗೆ ಹೊಟ್ಟೆ ತೊಂದರೆ, ತೂಕ ಇಳಿಯೋದು, ಬೆಳವಣಿಗೆ ನಿಂತಿರೋದು ಕಂಡರೆ, ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ "ಸೀಲಿಯಾಕ್ ಪರೀಕ್ಷೆ ಮಾಡಿಸಬೇಕಾ ಡಾಕ್ಟ್ರೇ?" ಅಂತ ಒಂದು ಮಾತು ಕೇಳಿ.